ಯಾರ ಮೈಗೆ ಎಷ್ಟು? ಅಣು ಅಪಘಾತದ ನಂತರದ ಲೆಕ್ಕ ಮತ್ತು ಥಾಣೆ–ಕಲ್ಯಾಣ್ ಪಟ್ಟಿ

ಚೆರ್ನೋಬಿಲ್‌ನ ನಾಲ್ಕನೇ ರಿಯಾಕ್ಟರ್ ಸಿಡಿದದ್ದು 1986ರ ಏಪ್ರಿಲ್ 26ರಂದು. ಅಲ್ಲಿಂದ ಎದ್ದ ಸೀಸಿಯಂ ಮತ್ತು ಅಯೋಡಿನ್ ಗಾಳಿಯೊಂದಿಗೆ ಹೋಗಿ ಯುರೋಪಿನ ಹುಲ್ಲುಗಾವಲುಗಳ ಮೇಲೆ ಮಳೆಯಾಗಿ ಇಳಿಯಿತು. ಹುಲ್ಲು ಮೇಯ್ದ ಹಸುಗಳ ಹಾಲಿಗೆ ಬಂತು, ಹಾಲಿನಿಂದ ಹಾಲಿನ ಉತ್ಪನ್ನಗಳಿಗೆ ಬಂತು. ಅದಾದ ಸ್ವಲ್ಪ ಕಾಲದಲ್ಲೇ ‘ಆಪರೇಷನ್ ಫ್ಲಡ್’ ಎಂಬ ಹೈನು ಅಭಿವೃದ್ಧಿ ಯೋಜನೆಗೆ ನೆರವಾಗಿ ಐರ್ಲೆಂಡಿನ 200 ಟನ್ ಬೆಣ್ಣೆ ಮುಂಬಯಿಗೆ ಬಂದಿಳಿದಾಗ, ಇದನ್ನು ಜನರಿಗೆ ಹಂಚಬಾರದು ಎಂದು ಕೆಲವರು ಮುಂಬಯಿ ಹೈಕೋರ್ಟಿನ ಮೆಟ್ಟಿಲೇರಿದರು. ಅಲ್ಲಿ ಅರ್ಜಿ ಬಿದ್ದುಹೋಯಿತು. ಡಾ. ಶಿವರಾವ್ ಶಾಂತಾರಾಮ್ ವಾಗ್ಳೆ ಅವರ ಹೆಸರಿನಲ್ಲಿ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟು ಎಂ.ಜಿ.ಕೆ. ಮೆನನ್, ಪಿ.ಕೆ. ಅಯ್ಯಂಗಾರ್ ಅವರಿದ್ದ ತಜ್ಞರ ಸಮಿತಿಯನ್ನು ಕೇಳಿತು. ಬೆಣ್ಣೆ ತಿನ್ನಲು ಅಡ್ಡಿಯಿಲ್ಲ ಎಂದು ಸಮಿತಿ ಹೇಳಿತು, 1988ರಲ್ಲಿ ಕೋರ್ಟು ಅದನ್ನು ಒಪ್ಪಿತು.

ಸಮಿತಿಯ ಮಾತಿಗೆ ರಸಾಯನಶಾಸ್ತ್ರದ ಬೆಂಬಲವೂ ಇದೆ. ಸೀಸಿಯಂ ನೀರಿನಲ್ಲಿ ಕರಗುತ್ತದೆ, ಜಿಡ್ಡಿಗೆ ಅಂಟುವುದು ಕಡಿಮೆ. ಹಾಲು ಕಡೆದಾಗ ಅದರ ಬಹುಪಾಲು ಮಜ್ಜಿಗೆಯ ಕಡೆಗೇ ಉಳಿಯುತ್ತದೆ. ಆ ಮೊಕದ್ದಮೆಯಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಬೆಣ್ಣೆಯನ್ನು ಅಳೆಯಲು ಸಾಧ್ಯವಿತ್ತು. ಅದು ಗೋದಾಮಿನಲ್ಲಿ ಕುಳಿತಿತ್ತು, ತುಣುಕು ತೆಗೆದು ಉಪಕರಣದಡಿ ಇಟ್ಟರೆ ಒಂದು ಕಿಲೋಗೆ ಎಷ್ಟು ಬೆಕ್ವೆರಲ್ ಎಂದು ತಿಳಿಯುತ್ತಿತ್ತು. ಜಗಳವೆಲ್ಲ ಆ ಅಂಕಿ ಹೆಚ್ಚೋ ಕಡಿಮೆಯೋ ಎಂಬುದರ ಬಗ್ಗೆ. ಮನುಷ್ಯರ ವಿಷಯದಲ್ಲಿ ಇಷ್ಟು ಅನುಕೂಲ ಇರುವುದಿಲ್ಲ. ಜನ ಓಡುತ್ತಾರೆ, ಉಸಿರಾಡುತ್ತಾರೆ, ಹಾಲು ಕುಡಿಯುತ್ತಾರೆ. ಮೈಯೊಳಗೆ ಹೋದದ್ದು ಕೆಲವು ದಿನಗಳಲ್ಲಿ ಸುಳಿವೇ ಇಲ್ಲದಂತೆ ಕರಗಿಹೋಗಬಹುದು. ಅಣು ಅಪಘಾತಗಳ ಪರಿಣಾಮದ ಬಗ್ಗೆ ನಲವತ್ತು ವರ್ಷಗಳಿಂದ ನಡೆದಿರುವ ವಾದಗಳನ್ನೆಲ್ಲ ಓದಿದ ಮೇಲೆ ನನಗೆ ಉಳಿದಿರುವ ತಿಳಿವಳಿಕೆ ಇಷ್ಟು: ಮೊದಲ ಎರಡು ಮೂರು ವಾರಗಳಲ್ಲಿ ಅಳೆಯದೆ ಬಿಟ್ಟದ್ದನ್ನು ಮುಂದೆ ಯಾವ ವಿಜ್ಞಾನಿಯೂ ಪೂರ್ತಿಯಾಗಿ ಮರಳಿ ತರಲಾರ.

ಈ ಮಾತನ್ನು ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಓದುಗರ ಮುಂದಿಡಲು ಕಾರಣವಿದೆ. ವಾಶಿ ಸೇತುವೆ ದಾಟುವಾಗ ಖಾರಿಯ ಪಶ್ಚಿಮಕ್ಕೆ ಕಾಣುವ ಗುಡ್ಡದ ಬುಡದಲ್ಲಿ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರವಿದೆ. ಏಷ್ಯಾದ ಮೊದಲ ರಿಯಾಕ್ಟರುಗಳಲ್ಲಿ ಒಂದಾದ ‘ಅಪ್ಸರಾ’ 1956ರ ಆಗಸ್ಟ್ 4ರಂದು ಅಲ್ಲಿ ಚಾಲೂ ಆಯಿತು. 1960ರಲ್ಲಿ ಬಂದ ‘ಸೈರಸ್’ 2010ರ ಕೊನೆಗೆ ಶಾಶ್ವತವಾಗಿ ನಿಂತಿತು. 100 ಮೆಗಾವಾಟ್ ಉಷ್ಣಶಕ್ತಿಯ ‘ಧ್ರುವ’ 1985ರಿಂದ ಅಲ್ಲಿದೆ. ವಾಶಿ ಅಲ್ಲಿಂದ ನೇರ ಹತ್ತು ಹನ್ನೊಂದು ಕಿಲೋಮೀಟರ್, ಥಾಣೆ ಇಪ್ಪತ್ತಮೂರರಷ್ಟು, ಡೊಂಬಿವಲಿ ಮೂವತ್ತರ ಹತ್ತಿರ. ಉತ್ತರಕ್ಕೆ ಬೊಯಿಸರ್ ನಿಲ್ದಾಣದ ಬಳಿ ತಾರಾಪುರವಿದೆ. ಅಲ್ಲಿನ ಮೊದಲ ಎರಡು ಘಟಕಗಳು 1969ರ ಅಕ್ಟೋಬರಿನಿಂದ ವಾಣಿಜ್ಯ ವಿದ್ಯುತ್ ಕೊಟ್ಟವು. 2011ರಲ್ಲಿ ಅಪಘಾತಕ್ಕೀಡಾದ ಜಪಾನಿನ ಫುಕುಶಿಮಾ ಸ್ಥಾವರದಂತೆಯೇ ಅವೂ ಕುದಿನೀರಿನ ರಿಯಾಕ್ಟರುಗಳು, ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿನ್ಯಾಸ. 540 ಮೆಗಾವಾಟಿನ ಎರಡು ಭಾರಜಲ ಘಟಕಗಳು 2005–06ರಲ್ಲಿ ಸೇರಿಕೊಂಡವು. ತಾರಾಪುರದಿಂದ ಥಾಣೆಗೂ ಕಲ್ಯಾಣಿಗೂ ನೇರ ದೂರ ಸುಮಾರು ಎಂಬತ್ತು ಕಿಲೋಮೀಟರ್. 2014ರ ಆಗಸ್ಟ್ 1ರಂದು ಪಾಲ್ಘರ್ ಜಿಲ್ಲೆಯಾಗುವವರೆಗೆ ತಾರಾಪುರ ಥಾಣೆ ಜಿಲ್ಲೆಯಲ್ಲೇ ಇತ್ತು.

ಈ ಎರಡು ಕಡೆಯೂ ಊರು ಖಾಲಿ ಮಾಡಿಸುವಂಥ ಅಪಘಾತ ಇವತ್ತಿನವರೆಗೆ ನಡೆದಿಲ್ಲ. ಟ್ರಾಂಬೆಯದು ಸಂಶೋಧನಾ ರಿಯಾಕ್ಟರು, ಅದರ ಒಡಲಲ್ಲಿರುವುದು ವಿದ್ಯುತ್ ಸ್ಥಾವರದಲ್ಲಿರುವುದಕ್ಕಿಂತ ಬಹಳ ಕಡಿಮೆ. ಹೆದರಿಸುವುದಕ್ಕೆ ಈ ಲೇಖನ ಬರೆಯುತ್ತಿಲ್ಲ. ಆದರೆ ಅಳತೆಯ ಏರ್ಪಾಡು ಶಾಂತ ಕಾಲದಲ್ಲಿ ಆಗಬೇಕಾದ ಕೆಲಸ.

ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮದಲ್ಲಿ ಸ್ಥಾವರದ ಸುತ್ತ ವರ್ತುಲಗಳಿವೆ. ತೀರಾ ಹತ್ತಿರದ ವರ್ತುಲದಲ್ಲಿ ಜನವಸತಿ ಕೂಡದು, ಐದು ಕಿಲೋಮೀಟರಿನ ಒಳಗೆ ಜನಸಂಖ್ಯೆ ಬೆಳೆಯದಂತೆ ನೋಡಿಕೊಳ್ಳಬೇಕು, ಹದಿನಾರು ಕಿಲೋಮೀಟರಿನವರೆಗೆ ತುರ್ತು ಯೋಜನೆ ಇರಬೇಕು. ಈ ಹೊರ ಯೋಜನೆಯ ಹೊಣೆ ಜಿಲ್ಲಾಡಳಿತದ್ದು, ಜಿಲ್ಲಾಧಿಕಾರಿಯೇ ಅದರ ಮುಖ್ಯಸ್ಥ. ಎಂಬತ್ತು ಕಿಲೋಮೀಟರ್ ದೂರದ ಕಲ್ಯಾಣ್ ಈ ವರ್ತುಲದ ಹೊರಗೆ ಬಹಳ ಆಚೆ ಇದೆ. ಆದರೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಫುಕುಶಿಮಾದ ನಂತರ, 2013ರಲ್ಲಿ ಹೊರಡಿಸಿದ ಕೈಪಿಡಿ ಇನ್ನೂ ಎರಡು ವರ್ತುಲಗಳನ್ನು ಸೇರಿಸಿತು. 1000 ಮೆಗಾವಾಟಿಗೂ ಹೆಚ್ಚು ಉಷ್ಣಶಕ್ತಿಯ ಸ್ಥಾವರವಾದರೆ ನೂರು ಕಿಲೋಮೀಟರಿನವರೆಗೆ ನೆಲದ ಮಾಲಿನ್ಯವನ್ನು ಹುಡುಕಿ ಅಳೆಯಲು ಸಿದ್ಧರಿರಬೇಕು, ಮುನ್ನೂರು ಕಿಲೋಮೀಟರಿನವರೆಗೆ ಹಾಲು, ಸೊಪ್ಪು, ಮಳೆನೀರಿನ ಮೇಲೆ ಕಣ್ಣಿಡಬೇಕು. ಆ ಅಳತೆಯಿಂದ ನೋಡಿದರೆ ನಮ್ಮ ಪಟ್ಟಿ ತಾರಾಪುರದ ಲೆಕ್ಕದ ಒಳಗೇ ಬರುತ್ತದೆ.

ವರ್ತುಲ ಕಾಗದದ ಮೇಲೆ ಗುಂಡಗಿರುತ್ತದೆ, ಗಾಳಿ ಅದನ್ನು ಲೆಕ್ಕಿಸುವುದಿಲ್ಲ. ಫುಕುಶಿಮಾದ ಈಟಾಟೆ ಎಂಬ ಹಳ್ಳಿಯ ಕಥೆ ಇದಕ್ಕೆ ಸಾಕ್ಷಿ. ಅದು ಸ್ಥಾವರದಿಂದ ವಾಯುವ್ಯಕ್ಕೆ ಸುಮಾರು ನಲವತ್ತು ಕಿಲೋಮೀಟರ್ ದೂರದಲ್ಲಿದೆ. ಸರ್ಕಾರ ತೆರವು ಮಾಡಿಸಿದ್ದು ಇಪ್ಪತ್ತು ಕಿಲೋಮೀಟರಿನ ವರ್ತುಲವನ್ನು. 2011ರ ಮಾರ್ಚ್ 15ರಂದು ಗಾಳಿ ವಾಯುವ್ಯಕ್ಕೆ ತಿರುಗಿತು, ಆ ಸಂಜೆ ಮಳೆ, ಹಿಮ ಸುರಿಯಿತು, ಮೋಡದಲ್ಲಿದ್ದದ್ದೆಲ್ಲ ಈಟಾಟೆಯ ನೆಲಕ್ಕೆ ಇಳಿಯಿತು. ಅಲ್ಲಿನವರಿಗೆ ಊರು ಬಿಡಲು ಹೇಳಿದ್ದು ಏಪ್ರಿಲ್ 22ಕ್ಕೆ. ಸಮುದ್ರ ದಂಡೆಯ ನಾಮಿಯೆ ಊರಿನ ಎಷ್ಟೋ ಜನ ಸುರಕ್ಷಿತವೆಂದು ಓಡಿ ಸೇರಿಕೊಂಡ ತ್ಸುಶಿಮಾ ಪ್ರದೇಶವೂ ಅದೇ ಗಾಳಿಯ ದಾರಿಯಲ್ಲಿತ್ತು. ಗಾಳಿಯ ದಿಕ್ಕನ್ನು ಲೆಕ್ಕ ಹಾಕುವ ‘ಸ್ಪೀಡಿ’ ಎಂಬ ಕಂಪ್ಯೂಟರ್ ವ್ಯವಸ್ಥೆ ಜಪಾನಿನ ಬಳಿ ಇತ್ತು. ಅದರ ನಕ್ಷೆಗಳು ಆ ಜನರಿಗೆ ಸಮಯಕ್ಕೆ ತಲುಪಲಿಲ್ಲ.

ಈಗ ನಮ್ಮ ಗಾಳಿಯನ್ನು ನೋಡಿ. ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯದಿಂದ ಬೀಸುತ್ತದೆ. ಟ್ರಾಂಬೆಯಿಂದ ಈಶಾನ್ಯಕ್ಕೆ ಸಾಲಾಗಿ ಇರುವುದು ಐರೋಳಿ, ಡೊಂಬಿವಲಿ, ಕಲ್ಯಾಣ್. ಅದು ಮಳೆಗಾಲವೂ ಹೌದು, ಮಳೆ ಗಾಳಿಯನ್ನು ತೊಳೆದು ನೆಲಕ್ಕೆ ಇಳಿಸುತ್ತದೆ. ಚಳಿಗಾಲ, ಬೇಸಿಗೆಯ ಮಧ್ಯಾಹ್ನಗಳಲ್ಲಿ ಸಮುದ್ರದ ಗಾಳಿ ವಾಯುವ್ಯದಿಂದ ಬರುತ್ತದೆ. ತಾರಾಪುರದ ಆಗ್ನೇಯಕ್ಕೆ ಇರುವುದು ಭಿವಂಡಿ, ಥಾಣೆ, ಕಲ್ಯಾಣ್. ರಾತ್ರಿ ಗಾಳಿ ಸಮುದ್ರದ ಕಡೆಗೆ ಹಿಂದಿರುಗುತ್ತದೆ. ಹೀಗಾಗಿ ಒಂದೇ ಅಪಘಾತ ಬೆಳಗಿನ ನಾಲ್ಕಕ್ಕೆ ಆದರೆ ಒಂದು ಊರು, ಮಧ್ಯಾಹ್ನ ಮೂರಕ್ಕೆ ಆದರೆ ಇನ್ನೊಂದು ಊರು. ಇಷ್ಟು ತಿಳಿದಿರುವಾಗ ದೂರವೊಂದನ್ನೇ ನಂಬಿ ಕೂರುವುದು ಸರಿಯೆನಿಸುವುದಿಲ್ಲ.

ಲೆಕ್ಕ ಹಾಕುವುದು ಹೇಗೆ? ಮೈಯ ಹೊರಗಿನಿಂದ ಬರುವ ವಿಕಿರಣ ಒಂದು, ಉಸಿರು ಮತ್ತು ಆಹಾರದಿಂದ ಒಳಹೊಕ್ಕದ್ದು ಇನ್ನೊಂದು. ಎರಡನ್ನೂ ಕೂಡಿಸಿ ದೇಹದ ಮೇಲಾಗುವ ಹಾನಿಯ ತೂಕಕ್ಕೆ ತಂದಾಗ ಸಿಗುವ ಏಕಮಾನ ಸೀವರ್ಟ್, ದಿನಬಳಕೆಗೆ ಅದರ ಸಾವಿರದಲ್ಲೊಂದು ಪಾಲಾದ ಮಿಲಿಸೀವರ್ಟ್. ಮಣ್ಣು, ಕಲ್ಲು, ಆಕಾಶ, ಗಾಳಿಯ ರೇಡಾನ್ ಇವುಗಳಿಂದ ಜಗತ್ತಿನ ಮನುಷ್ಯನಿಗೆ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ಹೇಗೂ ತಗಲುತ್ತದೆ. ಸ್ಥಾವರದಿಂದ ಸಾರ್ವಜನಿಕರಿಗೆ ಆಗಬಹುದಾದ ಹೆಚ್ಚುವರಿಗೆ ಮಿತಿ ವರ್ಷಕ್ಕೆ 1. ವಿಕಿರಣದ ನಡುವೆ ಕೆಲಸ ಮಾಡುವವರಿಗೆ ಐದು ವರ್ಷದ ಸರಾಸರಿ 20, ನಮ್ಮ ದೇಶದಲ್ಲಿ ಯಾವೊಂದು ವರ್ಷವೂ 30 ಮೀರಕೂಡದು.

ಹೊರಗಿನ ಲೆಕ್ಕ ಸುಲಭವೆನಿಸುತ್ತದೆ: ಬೀದಿಯಲ್ಲಿ ಗಂಟೆಗೆ ಇಷ್ಟು, ನೀವಿದ್ದದ್ದು ಇಷ್ಟು ಗಂಟೆ, ಗುಣಿಸಿದರೆ ಆಯಿತು. ಜಪಾನಿನಲ್ಲಿ ಮನೆಮಾತಾದ ಅಂಕಿಯೊಂದಿದೆ, ಗಂಟೆಗೆ 0.23 ಮೈಕ್ರೋಸೀವರ್ಟ್. ಮನುಷ್ಯ ದಿನಕ್ಕೆ ಎಂಟು ಗಂಟೆ ಬಯಲಿನಲ್ಲಿ, ಹದಿನಾರು ಗಂಟೆ ಮರದ ಮನೆಯಲ್ಲಿ ಇರುತ್ತಾನೆ, ಮರದ ಮನೆ ಹೊರಗಿನ ವಿಕಿರಣದ ಹತ್ತರಲ್ಲಿ ನಾಲ್ಕು ಪಾಲನ್ನು ಒಳಬಿಡುತ್ತದೆ, ನಿಸರ್ಗದ್ದು 0.04 ಎಂದು ಹಿಡಿದರೆ, ವರ್ಷದ ಕೊನೆಗೆ ಹೆಚ್ಚುವರಿ ಸರಿಯಾಗಿ 1 ಮಿಲಿಸೀವರ್ಟ್ ಆಗುತ್ತದೆ. ಈ ಸೂತ್ರವನ್ನು ಇಲ್ಲಿಗೆ ತರುವುದು ಹೇಗೆ? ಘೋಡ್‌ಬಂದರ್ ರಸ್ತೆಯ ಇಪ್ಪತ್ತು ಮಹಡಿಯ ಕಾಂಕ್ರೀಟ್ ಕಟ್ಟಡದ ನಡುವಿನ ಫ್ಲಾಟಿಗೆ ಹೊರಗಿನ ವಿಕಿರಣದ ಹತ್ತನೇ ಒಂದು ಪಾಲೂ ತಲುಪಲಿಕ್ಕಿಲ್ಲ. ದಿವಾ, ಮುಂಬ್ರಾದ ತಗಡು ಚಾವಣಿಯ ಚಾಳಿನಲ್ಲಿ ಅಂಥ ಆಸರೆಯಿಲ್ಲ. ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ಹತ್ತಿ ಫೋರ್ಟಿಗೆ ಹೋಗಿ ರಾತ್ರಿ ಮರಳುವವರು ಎಲ್ಲಿಯವರೆಂದು ಲೆಕ್ಕ? ಮಲಗುವ ಊರಿನ ಅಂಕಿಯೋ, ದುಡಿಯುವ ಊರಿನದೋ? ಒಂದು ವಾರ್ಡಿನ ಸರಾಸರಿ ಹೇಳಿದರೆ ಚಾಳಿನ ಮಗುವಿಗೂ ಫ್ಲಾಟಿನ ಮಗುವಿಗೂ ಒಂದೇ ಡೋಸ್ ಬಿದ್ದಂತೆ ದಾಖಲಾಗುತ್ತದೆ. ಇದು ಸಣ್ಣ ವಿಷಯವೆಂದು ನನಗೆ ಅನಿಸುವುದಿಲ್ಲ.

ಫುಕುಶಿಮಾ ಪ್ರಾಂತ್ಯದ ಆಡಳಿತ ಈ ತೊಡಕನ್ನು ಅರಿತು ಎಲ್ಲ ನಿವಾಸಿಗಳಿಗೂ ಪ್ರಶ್ನಾವಳಿ ಕಳಿಸಿತು. ಮೊದಲ ನಾಲ್ಕು ತಿಂಗಳು ಯಾವ ದಿನ, ಎಲ್ಲಿ, ಒಳಗೋ ಹೊರಗೋ ಎಂದು ಬರೆದುಕೊಡಬೇಕಿತ್ತು. ಉತ್ತರಿಸಿದವರು ನಾಲ್ವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು, ಅಷ್ಟೆ. ಮನೆ ಕಳೆದುಕೊಂಡವರಿಗೆ ತಿಂಗಳುಗಳ ಹಿಂದಿನ ಮಂಗಳವಾರ ನೆನಪಿರಬೇಕೆಂದು ಬಯಸುವುದು ಕಷ್ಟವೇ.

ಒಳಗಿನ ಲೆಕ್ಕ ಇನ್ನೂ ಬಿಗಿ. ಅಪಘಾತದ ಮೊದಲ ದಿನಗಳಲ್ಲಿ ಮಕ್ಕಳಿಗೆ ಹೆಚ್ಚು ಅಪಾಯ ಅಯೋಡಿನ್-131ರಿಂದ. ಅದು ಥೈರಾಯ್ಡ್ ಗ್ರಂಥಿಯಲ್ಲಿ ಹೋಗಿ ಕೂರುತ್ತದೆ. ಅದರ ಅರ್ಧಾಯುಷ್ಯ ಎಂಟೇ ದಿನ. ಎಂಟು ದಿನಕ್ಕೆ ಅರ್ಧ, ಹದಿನಾರಕ್ಕೆ ಕಾಲು, ಎರಡೂವರೆ ತಿಂಗಳಲ್ಲಿ ಸಾವಿರದಲ್ಲೊಂದು ಪಾಲು. ಮಗುವಿನ ಕುತ್ತಿಗೆಗೆ ಉಪಕರಣ ಹಿಡಿದು ನೋಡಲು ಇರುವ ಕಾಲಾವಕಾಶ ಕೆಲವೇ ವಾರ. ಇಲ್ಲಿ ಎರಡು ಅಂಕಿಗಳನ್ನು ಒಟ್ಟಿಗೆ ಇಡುತ್ತೇನೆ. ಚೆರ್ನೋಬಿಲ್ ಅಪಘಾತವನ್ನು ಮುಚ್ಚಿಟ್ಟ, ಹತ್ತಿರದ ಪ್ರಿಪ್ಯಾತ್ ಊರನ್ನು ಖಾಲಿ ಮಾಡಿಸಲು ಒಂದೂವರೆ ದಿನ ತೆಗೆದುಕೊಂಡ ಸೋವಿಯತ್ ವ್ಯವಸ್ಥೆ, ಮುಂದಿನ ವಾರಗಳಲ್ಲಿ ಬೆಲಾರೂಸ್, ಉಕ್ರೇನ್, ರಷ್ಯಾಗಳಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಜನರ ಥೈರಾಯ್ಡ್ ಅಳೆಯಿತು. ತಂತ್ರಜ್ಞಾನದಲ್ಲಿ ಮುಂದಿದ್ದ ಜಪಾನ್ 2011ರ ಮಾರ್ಚ್ ಕೊನೆಯ ವಾರದಲ್ಲಿ ಮೂರು ಊರುಗಳಲ್ಲಿ ಅಳೆದದ್ದು 1,080 ಮಕ್ಕಳನ್ನು. ಭೂಕಂಪ, ಸುನಾಮಿ, ವಿದ್ಯುತ್ತಿಲ್ಲದ ಊರುಗಳು, ಪೆಟ್ರೋಲಿಲ್ಲದ ಗಾಡಿಗಳು, ಕಾರಣ ಎಷ್ಟೋ ಇದ್ದವು. ಆದರೂ ಇವತ್ತು ಫುಕುಶಿಮಾದ ಯಾವುದೇ ಮಗುವಿನ ಥೈರಾಯ್ಡ್ ಡೋಸ್ ಎಷ್ಟೆಂದು ಕೇಳಿದರೆ ಬಹುಪಾಲು ಉತ್ತರ ಕಂಪ್ಯೂಟರ್ ಮಾದರಿಯಿಂದ ಬರುತ್ತದೆ, ಮಗುವಿನ ಕುತ್ತಿಗೆಯಿಂದ ಬರುವುದಿಲ್ಲ.

ಅಳತೆ ಸಕಾಲಕ್ಕೆ ಆದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಉತ್ತರ ಕನ್ನಡದ ಕೈಗಾ ಅಣು ಸ್ಥಾವರದಲ್ಲಿ 2009ರ ನವೆಂಬರಿನಲ್ಲಿ ನೌಕರರ ಮೂತ್ರದ ವಾಡಿಕೆಯ ಪರೀಕ್ಷೆ ನಡೆದಾಗ ಕೆಲವರಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಹೆಚ್ಚಿರುವುದು ಕಂಡಿತು. ಹಿಂದೆ ಹಿಂದೆ ಹೋಗಿ ಹುಡುಕಿದರೆ ಮೊದಲ ಘಟಕದ ಕೆಲಸದ ಜಾಗದಲ್ಲಿದ್ದ ಕುಡಿಯುವ ನೀರಿನ ಕೂಲರ್ ಸಿಕ್ಕಿತು. ಯಾರೋ ಅದಕ್ಕೆ ಟ್ರಿಟಿಯಂ ಇದ್ದ ಭಾರಜಲ ಸೇರಿಸಿದ್ದರು. ಬೇಕೆಂದೇ ಮಾಡಿದ ಕೃತ್ಯವಿದು ಎಂದು ಅಣುಶಕ್ತಿ ಆಯೋಗದ ಅಂದಿನ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಹೇಳಿದರು. ಐವತ್ತಕ್ಕೂ ಹೆಚ್ಚು ನೌಕರರ ಮೈಯೊಳಗೆ ಅದು ಹೋಗಿತ್ತು. ಟ್ರಿಟಿಯಂನ ಭೌತಿಕ ಅರ್ಧಾಯುಷ್ಯ ಹನ್ನೆರಡು ವರ್ಷ ದಾಟುತ್ತದೆ, ಆದರೆ ಅದು ನೀರಿನ ರೂಪದಲ್ಲಿರುವುದರಿಂದ ಮೈಯಲ್ಲಿ ಹತ್ತು ದಿನಕ್ಕೆ ಅರ್ಧವಾಗುತ್ತದೆ. ಹೆಚ್ಚು ನೀರು ಕುಡಿಸಿದರೆ ಬೇಗ ಹೊರಹೋಗುತ್ತದೆ, ಚಿಕಿತ್ಸೆಯೂ ಅದೇ. ಪ್ರತಿಯೊಬ್ಬರ ಡೋಸನ್ನೂ ಅವರವರ ಮೂತ್ರದಿಂದಲೇ ಲೆಕ್ಕ ಹಾಕಲಾಯಿತು.

ಕೂಲರಿಗೆ ಯಾರು ಕೈಹಾಕಿದರು ಎಂಬ ಪ್ರಶ್ನೆ ಗಂಭೀರವಾದದ್ದು, ಸ್ಥಾವರದ ಭದ್ರತೆಯ ಬಗ್ಗೆ ಅದು ಕೇಳುವ ಪ್ರಶ್ನೆಗಳೂ ಗಂಭೀರ. ನನ್ನ ಗಮನ ಬೇರೆ ಕಡೆಗಿದೆ. ಆ ನೌಕರರಿಗೆ ಹಿಂದಿನ ತಿಂಗಳುಗಳ ಮೂತ್ರಪರೀಕ್ಷೆಯ ದಾಖಲೆಯಿತ್ತು, ಎದೆಯ ಮೇಲೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜಿತ್ತು, ಹೆಸರಿನ ಮುಂದೆ ಅಂಕಿಯಿತ್ತು. ಹಾಗಾಗಿ ಯಾರೂ ದೂರು ಕೊಡುವ ಮೊದಲೇ ವಿಷಯ ಬಯಲಾಯಿತು. ಸ್ಥಾವರದ ಬೇಲಿಯ ಹೊರಗೆ, ಕೈಗಾ ಬಳಿಯ ಮಲ್ಲಾಪುರದ ಗೃಹಿಣಿಗೂ ಬೊಯಿಸರಿನ ಮೀನುಗಾರನಿಗೂ ಅಂಥ ಹೆಸರಿನ ದಾಖಲೆ ಇರುವುದಿಲ್ಲ. ಪರಿಸರದ ದಾಖಲೆ ಇದೆ: ಪ್ರತಿ ಸ್ಥಾವರದ ಬಳಿಯೂ ಭಾಭಾ ಕೇಂದ್ರದ ಪರಿಸರ ಸಮೀಕ್ಷಾ ಪ್ರಯೋಗಾಲಯ ಗಾಳಿ, ನೀರು, ಮೀನು, ಹಾಲು, ಅಕ್ಕಿಯ ಮಾದರಿ ತೆಗೆದು ನೋಡುತ್ತದೆ. ದೇಶದ ಉದ್ದಗಲಕ್ಕೆ ವಿಕಿರಣ ಅಳೆಯುವ ಸ್ವಯಂಚಾಲಿತ ಕೇಂದ್ರಗಳ ಜಾಲವೂ ಇದೆ. ಇವು ಬೆಲೆಯುಳ್ಳ ಕೆಲಸಗಳು, ಹಗುರ ಮಾಡಿ ಮಾತಾಡುವಂಥವಲ್ಲ. ಆದರೆ ಈ ಅಂಕಿಗಳು ಊರಿನ ಭಾಷೆಯಲ್ಲಿ ಊರಿನ ಗೋಡೆಯ ಮೇಲೆ ಕಾಣುವಂತಿದ್ದರೆ, ಅಪಘಾತದ ದಿನ ಹೇಳುವ ಅಂಕಿಯನ್ನು ಜನ ಹೋಲಿಸಿ ನೋಡಬಲ್ಲರು, ನಂಬಲೂ ಬಲ್ಲರು.

ಬ್ಯಾಡ್ಜು, ಮೂತ್ರ ಎರಡೂ ಇಲ್ಲದಾಗ ರಕ್ತ ಉಳಿಯುತ್ತದೆ. ವಿಕಿರಣ ತಗಲಿದ ಬಿಳಿ ರಕ್ತಕಣಗಳ ವರ್ಣತಂತುಗಳು ತುಂಡಾಗಿ ತಪ್ಪಾಗಿ ಕೂಡಿಕೊಳ್ಳುತ್ತವೆ, ಸೂಕ್ಷ್ಮದರ್ಶಕದಲ್ಲಿ ಅವನ್ನು ಎಣಿಸಬಹುದು. ಆದರೆ ಸುಮಾರು 100 ಮಿಲಿಗ್ರೇಗಿಂತ (ಗ್ರೇ ಎಂದರೆ ಮೈ ಹೀರಿಕೊಂಡ ವಿಕಿರಣ ಶಕ್ತಿಯ ಏಕಮಾನ) ಕೆಳಗಿನದನ್ನು ಈ ಪರೀಕ್ಷೆ ಖಚಿತವಾಗಿ ಹೇಳಲಾರದು, ಒಬ್ಬೊಬ್ಬರದಕ್ಕೂ ದಿನಗಟ್ಟಲೆ ಹಿಡಿಯುತ್ತದೆ. ಹಲ್ಲಿನ ಎನಾಮಲ್‌ನಲ್ಲೂ ಗುರುತು ಉಳಿಯುತ್ತದೆ, ಹಲ್ಲು ಕಿತ್ತ ಮೇಲೆ. 1987ರಲ್ಲಿ ಬ್ರೆಜಿಲಿನ ಗೊಯಾನಿಯಾದಲ್ಲಿ ಗುಜರಿಗೆ ಬಿದ್ದ ಆಸ್ಪತ್ರೆಯ ಸೀಸಿಯಂ ಯಂತ್ರ ಒಡೆದಾಗ ಪರೀಕ್ಷೆಗೆ ಬಂದು ನಿಂತವರು 1,12,000 ಮಂದಿ, ಮಾಲಿನ್ಯ ಸಿಕ್ಕಿದ್ದು 249 ಮಂದಿಯಲ್ಲಿ, ಸತ್ತವರು ನಾಲ್ವರು. ದೆಹಲಿಯ ಮಾಯಾಪುರಿ ಗುಜರಿಯಲ್ಲಿ 2010ರಲ್ಲಿ ವಿಶ್ವವಿದ್ಯಾಲಯವೊಂದರ ಕೋಬಾಲ್ಟ್-60 ಒಡೆದು ಒಬ್ಬ ಕಾರ್ಮಿಕ ಪ್ರಾಣ ಬಿಟ್ಟ. ಗೊಯಾನಿಯಾದ ಸಂಖ್ಯೆ ಹೇಳುವುದಿಷ್ಟು: ಭಯಪಟ್ಟವರ ಸಾಲು ತಗಲಿದವರ ಸಾಲಿಗಿಂತ ನೂರಾರು ಪಟ್ಟು ಉದ್ದ. ಕಲ್ಯಾಣ್–ಡೊಂಬಿವಲಿಯಂಥ ಕಡೆ ಆ ಸಾಲನ್ನು ಯಾವ ಮೈದಾನದಲ್ಲಿ ನಿಲ್ಲಿಸುವುದು, ಯಾರು ಉಪಕರಣ ಹಿಡಿಯುವುದು ಎಂಬುದನ್ನು ಮೊದಲೇ ಬರೆದಿಟ್ಟಿರಬೇಕು.

ಇನ್ನು ಪರಿಣಾಮ. ಒಂದು ಗ್ರೇ ಮೀರಿದ ಡೋಸ್ ಒಮ್ಮೆಲೇ ಬಿದ್ದರೆ ವಾಂತಿ, ರಕ್ತಕಣಗಳ ಕುಸಿತ, ಸೋಂಕು ಕಾಣಿಸಿಕೊಳ್ಳುತ್ತವೆ. ಚಿಕಿತ್ಸೆಯಿಲ್ಲದೆ ಮೂರೂವರೆ ನಾಲ್ಕು ಗ್ರೇ ಬಿದ್ದವರಲ್ಲಿ ಅರ್ಧದಷ್ಟು ಮಂದಿ ಉಳಿಯುವುದಿಲ್ಲ. ಚೆರ್ನೋಬಿಲ್‌ನಲ್ಲಿ 134 ಸಿಬ್ಬಂದಿಗೆ ಈ ತೀವ್ರ ಕಾಯಿಲೆ ಬಂತು, ಅವರಲ್ಲಿ 28 ಮಂದಿ ಅದೇ ವರ್ಷ ಸತ್ತರು. ಬೇಲಿಯಾಚೆಯ ಸಾಮಾನ್ಯ ಜನರಲ್ಲಿ ಈ ಕಾಯಿಲೆ ಕಾಣಲಿಲ್ಲ, ಫುಕುಶಿಮಾದಲ್ಲಿ ಯಾರಿಗೂ ಬರಲಿಲ್ಲ. ಈ ಭಾಗದಲ್ಲಿ ವಿವಾದವಿಲ್ಲ.

ವಿವಾದವಿರುವುದು ಕ್ಯಾನ್ಸರಿನಲ್ಲಿ, ಅದೂ ಸಣ್ಣ ಡೋಸಿನಲ್ಲಿ. ನಮಗಿರುವ ಅತಿ ದೊಡ್ಡ ಆಧಾರ ಹಿರೋಷಿಮಾ, ನಾಗಸಾಕಿಯಲ್ಲಿ ಬದುಕುಳಿದವರ ಅಧ್ಯಯನ. 1950ರಿಂದ ಸುಮಾರು 1,20,000 ಜನರನ್ನು ಜೀವಮಾನವಿಡೀ ಹಿಂಬಾಲಿಸಿದ ಅಧ್ಯಯನವದು. ಬಾಂಬು ಬಿದ್ದ ಗಳಿಗೆಯಲ್ಲಿ ನೀನು ಎಲ್ಲಿ ನಿಂತಿದ್ದೆ, ಗೋಡೆ ಯಾವ ಕಡೆಗಿತ್ತು ಎಂದು ಒಬ್ಬೊಬ್ಬರನ್ನೇ ಕೇಳಿ ಡೋಸ್ ಲೆಕ್ಕ ಹಾಕಿದರು. 1958ರಿಂದ 1998ರ ನಡುವೆ ಅವರಲ್ಲಿ 17,448 ಗಡ್ಡೆ ಕ್ಯಾನ್ಸರುಗಳು ಕಂಡವು. ವಿಕಿರಣದಿಂದ ಹೆಚ್ಚಾದವು ಸುಮಾರು 850. ಆ 850 ಯಾರವು ಎಂದು ಯಾರೂ ಬೆರಳಿಟ್ಟು ತೋರಿಸಲಾರರು. ವಿಕಿರಣದ ಕ್ಯಾನ್ಸರಿಗೂ ಬೀಡಿಯ ಕ್ಯಾನ್ಸರಿಗೂ ಗುರುತಿನ ಚೀಟಿ ಬೇರೆಯಿಲ್ಲ. ಬಾಂಬಿನ ಊರಿನಲ್ಲೇ ಹೀಗಿರುವಾಗ, ಎಂಬತ್ತು ಕಿಲೋಮೀಟರ್ ದೂರದ ನಗರದಲ್ಲಿ ಕೆಲವೇ ಮಿಲಿಸೀವರ್ಟ್ ಬಿದ್ದರೆ ಏನು ಹೇಳಲು ಸಾಧ್ಯ?

ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ ಹೇಳುವುದು, ಒಂದು ಸೀವರ್ಟಿಗೆ ಅಪಾಯ ನೂರಕ್ಕೆ ಸುಮಾರು ಐದು ಹೆಚ್ಚುತ್ತದೆ, ಡೋಸ್ ಎಷ್ಟು ಸಣ್ಣದಾದರೂ ಅದೇ ನೇರ ಅನುಪಾತದಲ್ಲಿ ಅಪಾಯವಿದೆಯೆಂದು ಎಣಿಸಿ ನಡೆಯಿರಿ ಎಂದು. ಹತ್ತು ಲಕ್ಷ ಜನರ ಊರಿಗೆ ತಲಾ 10 ಮಿಲಿಸೀವರ್ಟ್ ಬಿತ್ತೆನ್ನಿ. ಈ ಸೂತ್ರದಂತೆ ಮುಂದಿನ ದಶಕಗಳಲ್ಲಿ ಸುಮಾರು ಐನೂರು ಹೆಚ್ಚುವರಿ ಸಾವು. ಅದೇ ಊರಿನಲ್ಲಿ ಹತ್ತರಲ್ಲೊಬ್ಬರು ಹೇಗೂ ಕ್ಯಾನ್ಸರಿನಿಂದ ಸಾಯುವವರೆಂದು ಹಿಡಿದರೆ ಒಂದು ಲಕ್ಷ. ಒಂದು ಲಕ್ಷದ ಏರಿಳಿತದಲ್ಲಿ ಐನೂರು ಮುಳುಗಿಹೋಗುತ್ತದೆ. ಕಣ್ಣಿಗೆ ಕಾಣದ್ದರಿಂದ ಇಲ್ಲವೆಂದು ಒಬ್ಬರು, ಸೂತ್ರದಲ್ಲಿರುವುದರಿಂದ ಖಂಡಿತ ಇದೆಯೆಂದು ಇನ್ನೊಬ್ಬರು. ಚೆರ್ನೋಬಿಲ್ ಸಾವಿನ ಅಂದಾಜುಗಳು ಇಷ್ಟು ಚೆದುರಿರುವುದು ಇದೇ ಕಾರಣಕ್ಕೆ. ಹೆಚ್ಚು ವಿಕಿರಣ ತಗಲಿದ ಸುಮಾರು ಆರು ಲಕ್ಷ ಜನರಲ್ಲಿ 4,000ದವರೆಗೆ ಎಂದು 2005ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವೇದಿಕೆ ಹೇಳಿತು. ಮರುವರ್ಷ ಗ್ರೀನ್‌ಪೀಸ್ 93,000 ಎಂದಿತು. ಯಾವ ಜನರನ್ನು, ಎಷ್ಟು ದೂರದವರೆಗೆ, ಎಷ್ಟು ಸಣ್ಣ ಡೋಸಿನವರೆಗೆ ಎಣಿಸಿದರು ಎಂಬುದರಲ್ಲೇ ಹೆಚ್ಚಿನ ಅಂತರ ಅಡಗಿದೆ.

ಎರಡು ಅಧ್ಯಯನಗಳು ನಮ್ಮ ಓದುಗರಿಗೆ ಗೊತ್ತಿರಬೇಕು. ಕೇರಳದ ಕರುನಾಗಪ್ಪಳ್ಳಿಯ ಕಡಲ ಮರಳಿನಲ್ಲಿ ಮೋನಜೈಟ್ ಇದೆ, ಅದರಲ್ಲಿ ಥೋರಿಯಂ ಇದೆ. ನಮ್ಮ ಉಳ್ಳಾಲದ ದಂಡೆಯಲ್ಲೂ ಮೋನಜೈಟ್ ಸಿಗುತ್ತದೆ. ಕರುನಾಗಪ್ಪಳ್ಳಿಯ ಜನರಿಗೆ ತಲೆಮಾರುಗಳಿಂದ ಸಾಮಾನ್ಯಕ್ಕಿಂತ ಹಲವು ಪಟ್ಟು ವಿಕಿರಣ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಸುಮಾರು ಎಪ್ಪತ್ತು ಸಾವಿರ ಜನರನ್ನು ಹಿಂಬಾಲಿಸಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕ್ಯಾನ್ಸರ್ ಹೆಚ್ಚಿದ ಗುರುತಿರಲಿಲ್ಲ. ಇನ್ನೊಂದು ಕಡೆ ಅಮೆರಿಕ, ಬ್ರಿಟನ್, ಫ್ರಾನ್ಸಿನ 3,09,932 ಅಣು ಕಾರ್ಮಿಕರ ದಾಖಲೆಗಳನ್ನು ಒಟ್ಟುಗೂಡಿಸಿದ ಅಧ್ಯಯನ 2023ರಲ್ಲಿ, ನಿಧಾನವಾಗಿ ಸಣ್ಣ ಸಣ್ಣದಾಗಿ ಬಿದ್ದ ಡೋಸಿನಿಂದಲೂ ಗಡ್ಡೆ ಕ್ಯಾನ್ಸರಿನ ಸಾವು ಒಂದು ಗ್ರೇಗೆ ನೂರಕ್ಕೆ 52ರಷ್ಟು ಏರುತ್ತದೆ ಎಂದಿತು. ಕಾರ್ಮಿಕರಿಗೆ ವರ್ಷವರ್ಷದ ಬ್ಯಾಡ್ಜಿನ ದಾಖಲೆಯಿತ್ತು, ಆ ಅಂಕಿಗಳಿಗೆ ಅದರದೇ ತೂಕವಿದೆ. ಕೇರಳದ ಸಮಾಧಾನವನ್ನಷ್ಟೇ ಹಿಡಿದುಕೊಂಡು ಇದನ್ನು ಬದಿಗಿಡುವುದು ಪ್ರಾಮಾಣಿಕ ಓದಲ್ಲ. ಸಣ್ಣ ಡೋಸಿನಲ್ಲಿ ಅಪಾಯ ಸಣ್ಣದು, ಆದರೆ ಸೊನ್ನೆಯೆಂದು ಹೇಳಲು ಆಧಾರ ಸಾಲದು ಎಂಬುದು ನಾನು ಕಂಡುಕೊಂಡ ನಿಲುವು.

ಥೈರಾಯ್ಡ್ ವಿಷಯದಲ್ಲಿ ಮಾತ್ರ ಸಾಕ್ಷ್ಯ ಗಟ್ಟಿ. ಅಪಘಾತದ ಹೊತ್ತಿಗೆ ಹದಿನೆಂಟರೊಳಗಿದ್ದವರಲ್ಲಿ, ಚೆರ್ನೋಬಿಲ್ ಸುತ್ತಿನ ಪ್ರದೇಶಗಳಲ್ಲಿ 1991ರಿಂದ 2015ರವರೆಗೆ 19,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರುಗಳು ದಾಖಲಾದವು. ವಿಶ್ವಸಂಸ್ಥೆಯ ವಿಕಿರಣ ವಿಜ್ಞಾನ ಸಮಿತಿ ಅವುಗಳಲ್ಲಿ ಸುಮಾರು ಕಾಲುಭಾಗ ವಿಕಿರಣದ್ದೇ ಎಂದು ಅಂದಾಜಿಸಿದೆ. ಮಕ್ಕಳು ಹಳ್ಳಿಯ ಹಾಲು ಕುಡಿದರು, ಕುಡಿಯಬೇಡಿ ಎಂದು ಸಮಯಕ್ಕೆ ಹೇಳುವವರಿರಲಿಲ್ಲ, ಮಣ್ಣಿನಲ್ಲೂ ಅಯೋಡಿನ್ ಕಡಿಮೆಯಿತ್ತು, ಹಸಿದ ಗ್ರಂಥಿ ಸಿಕ್ಕಿದ್ದನ್ನೆಲ್ಲ ಹೀರಿತು. ಪಕ್ಕದ ಪೋಲೆಂಡ್ ಲಕ್ಷಾಂತರ ಮಕ್ಕಳಿಗೆ ಅಯೋಡಿನ್ ಕುಡಿಸಿ ಹಾಲನ್ನು ನಿಯಂತ್ರಿಸಿತು. ಮಾತ್ರೆ ಫಲಿಸುವುದು ಗಾಳಿ ಬರುವ ಸ್ವಲ್ಪ ಮೊದಲು ಅಥವಾ ಬಂದ ಕೆಲವು ಗಂಟೆಗಳಲ್ಲಿ ಕೊಟ್ಟರೆ. ವಯಸ್ಕರಿಗೆ 130 ಮಿಲಿಗ್ರಾಂ ಪೊಟಾಸಿಯಂ ಅಯೋಡೈಡ್, ಹಸುಗೂಸಿಗೆ 16. ಉಪ್ಪಿನ ಅಯೋಡಿನ್ ಅದರ ಸ್ಥಾನ ತುಂಬದು, ಸೀಸಿಯಂಗೆ ಆ ಮಾತ್ರೆ ತಡೆಯೂ ಅಲ್ಲ. ಹಾಲಿನ ಕೊಂಡಿಯನ್ನು ಕತ್ತರಿಸುವುದು ಮಾತ್ರೆಗಿಂತ ಮುಖ್ಯ. ನಮ್ಮ ಪಟ್ಟಿಗೆ ಹಾಲು ಬರುವುದು ಹತ್ತಿರದ ತಬೇಲಾಗಳಿಂದಲೂ ದೂರದ ಡೇರಿಗಳಿಂದಲೂ. ಸೊಪ್ಪು ತರಕಾರಿ ವಾಶಿಯ ಎಪಿಎಂಸಿಯಲ್ಲಿ ಇಳಿದು ಅಲ್ಲಿಂದ ಮುಂಬಯಿಯ ಮೂಲೆಮೂಲೆಗೆ ಹೋಗುತ್ತದೆ. ಆ ಒಂದು ಮಾರುಕಟ್ಟೆಯಲ್ಲಿ ಅಳತೆಯ ಉಪಕರಣವೂ ಅದನ್ನು ಬಲ್ಲ ಕೈಗಳೂ ಇದ್ದರೆ ಕೋಟಿಗಟ್ಟಲೆ ಜನರ ತಟ್ಟೆ ಕಾಯ್ದಂತೆ.

ಫುಕುಶಿಮಾದಲ್ಲಿ ಸುಮಾರು ಮೂರು ಲಕ್ಷ ಮಕ್ಕಳ ಕುತ್ತಿಗೆಗೆ ಅಲ್ಟ್ರಾಸೌಂಡ್ ಮಾಡಿದರು. ಮೊದಲ ಸುತ್ತಿನಲ್ಲೇ ನೂರಕ್ಕೂ ಹೆಚ್ಚು ಮಕ್ಕಳಲ್ಲಿ ಕ್ಯಾನ್ಸರಿನ ಶಂಕೆ ಕಂಡಿತು. ಇದು ವಿಕಿರಣದ್ದಲ್ಲ, ಸೂಕ್ಷ್ಮ ಯಂತ್ರದಿಂದ ಹುಡುಕಿದ್ದರಿಂದ ಸುಪ್ತವಾಗಿದ್ದವೆಲ್ಲ ಸಿಕ್ಕವು ಎಂಬುದು ವಿಶ್ವಸಂಸ್ಥೆಯ ಸಮಿತಿಯ 2020ರ ವರದಿಯ ಅಭಿಪ್ರಾಯ. ಫುಕುಶಿಮಾ ನಿವಾಸಿಗಳಲ್ಲಿ ವಿಕಿರಣಕ್ಕೆ ನೇರ ಹೊಂದಿಸಬಹುದಾದ ಕಾಯಿಲೆ ದಾಖಲಾಗಿಲ್ಲ ಎಂದೂ ಅದು ಹೇಳಿತು. ನನಗೆ ಈ ತೀರ್ಮಾನ ಒಪ್ಪಿಗೆ. ಆದರೆ ಶಸ್ತ್ರಕ್ರಿಯೆಯಾದ ಮಗುವಿನ ತಾಯಿಯ ಮುಂದೆ ಇದನ್ನು ಹೇಳುವಾಗ, ನಿನ್ನ ಮಗುವಿನ ಡೋಸ್ ಇಷ್ಟಿತ್ತು ಎಂದು ತೋರಿಸಲು ಕೈಯಲ್ಲಿ ಅಳೆದ ಅಂಕಿ ಇಲ್ಲದಿದ್ದರೆ ಆಕೆ ಏಕೆ ನಂಬಬೇಕು? ಅಪನಂಬಿಕೆ ಅಜ್ಞಾನದಿಂದಷ್ಟೇ ಹುಟ್ಟುವುದಿಲ್ಲ.

ವಿಕಿರಣದ ಹೊರಗಿನ ಹಾನಿ ಕೆಲವೊಮ್ಮೆ ಅದಕ್ಕಿಂತ ದೊಡ್ಡದು. ಫುಕುಶಿಮಾ ಪ್ರಾಂತ್ಯದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಸ್ಥಳಾಂತರದ ದಣಿವು, ತಪ್ಪಿದ ಚಿಕಿತ್ಸೆ, ಕುಸಿದ ಮನಸ್ಸಿನಿಂದ ಅಲ್ಲಿ ಸತ್ತವರೆಂದು ಸರ್ಕಾರ ಒಪ್ಪಿದ ಸಂಖ್ಯೆ 2,300 ದಾಟಿದೆ. ಹಾಸಿಗೆ ಹಿಡಿದ ವೃದ್ಧರನ್ನು ಆಸ್ಪತ್ರೆಯಿಂದ ಬಸ್ಸಿಗೆ ತುಂಬಿ ಗಂಟೆಗಟ್ಟಲೆ ಅಲೆದಾಡಿಸಿದ್ದರಿಂದ ಹತ್ತಾರು ಮಂದಿ ತೀರಿಕೊಂಡರು. ಎಲ್ಲರನ್ನೂ ಓಡಿಸುವುದೇ ಪರಿಹಾರವೆಂದುಕೊಂಡರೆ ಇದನ್ನು ನೆನೆಯಬೇಕು. ಬೆಳಗಿನ ಎಂಟಕ್ಕೆ ಡೊಂಬಿವಲಿ ನಿಲ್ದಾಣದ ಪ್ಲಾಟ್‌ಫಾರ್ಮ್ ನೋಡಿದವರಿಗೆ ಆ ಊರನ್ನು ಒಂದೇ ದಿನ ಖಾಲಿ ಮಾಡಿಸುವುದೆಂದರೇನು ಎಂದು ವಿವರಿಸಬೇಕಾಗಿಲ್ಲ. ಇಷ್ಟು ದೂರದಲ್ಲಿ ಹೆಚ್ಚಿನ ಸಂದರ್ಭಗಳಲ್ಲಿ ಸರಿಯಾದ ಸಲಹೆ ಕಿಟಕಿ ಮುಚ್ಚಿ ಒಳಗಿರಿ, ಮುಚ್ಚಿಟ್ಟ ಆಹಾರ ತಿನ್ನಿ ಎಂಬುದೇ ಆದೀತು. ಆದರೆ ಆ ಮಾತನ್ನು ನಂಬಬೇಕಾದ ಜನ ಯಾರು? ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಲಯದ ಕಾರ್ಖಾನೆಗಳಲ್ಲಿ 2016ರ ಮೇ ತಿಂಗಳಲ್ಲೂ 2024ರ ಮೇ ತಿಂಗಳಲ್ಲೂ ನಡೆದ ಸ್ಫೋಟಗಳಲ್ಲಿ ಹತ್ತಕ್ಕೂ ಮಿಕ್ಕಿ ಜೀವ ಹೋದದ್ದನ್ನು ಕಂಡವರು, ರಾಸಾಯನಿಕದಿಂದ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಕಂಡವರು. ಗಾಳಿಯಲ್ಲಿ ಏನಿದೆ ಎಂದು ಕೇಳಿ ಸರಿಯಾದ ಉತ್ತರ ಸಿಗದ ಅನುಭವ ಇಲ್ಲಿ ಹಳೆಯದು.

ಕೊನೆಗೆ ಪರಿಹಾರದ ಪ್ರಶ್ನೆ. ಸಂಸತ್ತು 2010ರಲ್ಲಿ ಒಪ್ಪಿದ ಅಣು ಹಾನಿ ಹೊಣೆಗಾರಿಕೆ ಕಾಯ್ದೆಯಲ್ಲಿ ಸ್ಥಾವರ ನಡೆಸುವವರ ಹೊಣೆಯನ್ನು 1,500 ಕೋಟಿ ರೂಪಾಯಿಗೆ ಮಿತಿಗೊಳಿಸಲಾಗಿತ್ತು. ಆಸ್ತಿಯ ಹಾನಿಗೆ ಹತ್ತು ವರ್ಷದೊಳಗೆ, ಮೈಗಾದ ಹಾನಿಗೆ ಇಪ್ಪತ್ತು ವರ್ಷದೊಳಗೆ ಕೇಳಬೇಕೆಂದು ಅದು ಹೇಳಿತ್ತು. ರಕ್ತದ ಕ್ಯಾನ್ಸರ್ ಎರಡು ವರ್ಷಕ್ಕೇ ತಲೆಯೆತ್ತಬಹುದು. ಗಡ್ಡೆ ಕ್ಯಾನ್ಸರಿಗೆ ಹತ್ತರ ಮೇಲೆ, ಎಷ್ಟೋ ಬಾರಿ ಮೂವತ್ತು ನಲವತ್ತು ವರ್ಷ ಹಿಡಿಯುತ್ತದೆ. ಐದು ವರ್ಷದ ಮಗುವಾಗಿದ್ದಾಗ ತಗಲಿದವಳಿಗೆ ನಲವತ್ತರಲ್ಲಿ ಕಾಯಿಲೆ ಬಂದರೆ ಅವಧಿ ಮುಗಿದು ಹದಿನೈದು ವರ್ಷವಾಗಿರುತ್ತದೆ. ಅವಧಿಯೊಳಗೇ ಬಂದರೂ ಆಕೆ ಏನನ್ನು ತೋರಿಸಿ ಕೇಳಬೇಕು? ಅಮೆರಿಕದ ತ್ರೀ ಮೈಲ್ ಐಲ್ಯಾಂಡಿನಲ್ಲಿ 1979ರ ಅಪಘಾತದ ನಂತರ ಸುಮಾರು ಎರಡು ಸಾವಿರ ಮಂದಿ ಮೊಕದ್ದಮೆ ಹೂಡಿ ವರ್ಷಗಟ್ಟಲೆ ಕಾದರು, ಡೋಸಿನ ಪುರಾವೆ ಸಾಲದೆಂದು ನ್ಯಾಯಾಲಯ ಅವರನ್ನು ಹಿಂದೆ ಕಳಿಸಿತು. ಮುಂಬಯಿಯಲ್ಲಿ 1963ರಿಂದ ಕ್ಯಾನ್ಸರ್ ನೋಂದಣಿ ಇದೆ, ದೇಶದಲ್ಲೇ ಮೊದಲನೆಯದು. ಖಾರ್‌ಘರ್‌ನಲ್ಲಿ ಟಾಟಾ ಸ್ಮಾರಕ ಕೇಂದ್ರದ ದೊಡ್ಡ ಸಂಶೋಧನಾ ಆಸ್ಪತ್ರೆಯಿದೆ, ಟ್ರಾಂಬೆಯಲ್ಲಿ ದೇಶದ ಅತ್ಯುತ್ತಮ ವಿಕಿರಣ ತಜ್ಞರಿದ್ದಾರೆ. ಥಾಣೆ, ಕಲ್ಯಾಣ್–ಡೊಂಬಿವಲಿ, ನವಿಮುಂಬಯಿ ಪಾಲಿಕೆಗಳು ಈ ಮೂವರೊಂದಿಗೆ ಕುಳಿತು ಬರೆದುಕೊಳ್ಳಬೇಕಾದ್ದು ಬಹಳವಿಲ್ಲ: ಮೊದಲ ವಾರ ಯಾವ ಶಾಲೆಯ ಮಕ್ಕಳ ಕುತ್ತಿಗೆ ಅಳೆಯುವುದು, ಯಾವ ತಬೇಲಾದ ಹಾಲು ನೋಡುವುದು, ಅಂಕಿಯನ್ನು ಯಾರ ಹೆಸರಿನ ಮುಂದೆ ಬರೆಯುವುದು, ಮತ್ತು ಆ ಪುಟದ ಒಂದು ಪ್ರತಿಯನ್ನು ಮಗುವಿನ ಮನೆಯವರ ಕೈಗೆ ಕೊಡುವುದು.